ಹೊಳೆಯಂಚಿನ ಅಪ್ಪೆ, ಹಿತ್ತಲಿನ ಕಸಿ

ಒಳ್ಳೆಯ ಮಾವಿನಹಣ್ಣು ತಿಂದು, ಅದರ ಗೊರಟನ್ನು ಹಿತ್ತಲಲ್ಲಿ ಊರಿ, ಎಂಟು ಹತ್ತು ವರ್ಷ ಕಾದವರಿಗೆ ಸಾಮಾನ್ಯವಾಗಿ ಸಿಗುವುದು ಬೇರೆಯದೇ ಹಣ್ಣು. ಕೆಲವೊಮ್ಮೆ ಪರವಾಗಿಲ್ಲ ಅನ್ನುವಂಥದ್ದು, ಹೆಚ್ಚಿನ ಸಲ ಹುಳಿಯೋ ನಾರೋ. ನಮ್ಮ ದೇಶದ ಬಹುಪಾಲು ಮಾವಿನ ಗೊರಟಿನೊಳಗೆ ಇರುವುದು ಒಂದೇ ಭ್ರೂಣ. ತಾಯಿ ಯಾರೆಂದು ಗೊತ್ತು. ತಂದೆ ಯಾರೆಂಬುದು ಪರಾಗ ಹೊತ್ತು ತಂದ ನೊಣಕ್ಕಷ್ಟೇ ಗೊತ್ತು. ಹಾಗಾಗಿ ಪ್ರತಿ ಗೊರಟೂ ಹೊಸ ವ್ಯಕ್ತಿ. ಪಶ್ಚಿಮ ಕರಾವಳಿಯ ಓಲೂರು, ಬಪ್ಪಕಾಯಿಯಂಥ ಕೆಲವು ತಳಿಗಳು ಇದಕ್ಕೆ ಅಪವಾದ. ಅವುಗಳ ಒಂದೇ ಗೊರಟಿನಿಂದ ಮೂರು ನಾಲ್ಕು ಸಸಿ ಏಳುತ್ತವೆ, ಬಹುಪಾಲು ತಾಯಿಯ ಪಡಿಯಚ್ಚು. ಉಳಿದ ಮಾವಿಗೆ ಈ ಭಾಗ್ಯವಿಲ್ಲ. ಒಂದು ಮರ ವಿಶೇಷವಾಗಿದ್ದರೆ ಅದು ಲೋಕದಲ್ಲಿ ಒಂದೇ. ಅದು ಉರುಳಿದ ದಿನ ಆ ರುಚಿಯೂ ಮುಗಿಯಿತು. ಅದಕ್ಕೆ ಮೊದಲೇ ಯಾರಾದರೂ ಒಂದು ಕಡ್ಡಿ ಕೊಯ್ದು ಇನ್ನೊಂದು ಬೇರಿನ ಮೇಲೆ ಕೂರಿಸಿದ್ದರೆ ಮಾತ್ರ ಉಳಿಗಾಲ.

ಇನ್ನೊಂದು ತೊಡಕಿದೆ. ಭತ್ತ, ರಾಗಿಯ ಬೀಜವನ್ನು ಒಣಗಿಸಿ, ತಣ್ಣನೆಯ ಕೋಣೆಯಲ್ಲಿಟ್ಟು ದಶಕಗಟ್ಟಲೆ ಕಾಪಾಡಬಹುದು. ಮಾವಿನ ಗೊರಟು ಒಣಗಿದರೆ ಸಾಯುತ್ತದೆ. ಕೆಲವು ವಾರಗಳಲ್ಲೇ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಧ್ರುವಪ್ರದೇಶದ ಹಿಮದಡಿಯ ಬೀಜಭಂಡಾರದಲ್ಲಿ ಅದನ್ನು ಇಡುವಂತಿಲ್ಲ. ಒಂದು ಮಾವಿನ ತಳಿ ಉಳಿದಿದೆ ಎಂದರೆ ಎಲ್ಲೋ ಒಂದು ಕಡೆ ನೀರು, ಮಣ್ಣು, ಬಿಸಿಲಿನಲ್ಲಿ ಒಂದು ಮರ ಜೀವಂತ ನಿಂತಿದೆ ಎಂದೇ ಅರ್ಥ.

ಈ ಪ್ರಬಂಧ ಅಂಥ ಮರಗಳ ಒಂದು ಗುಂಪಿನ ಬಗ್ಗೆ: ಅಪ್ಪೆಮಿಡಿ. ಶಿವಮೊಗ್ಗ ಮತ್ತು ಉತ್ತರ ಕನ್ನಡದ ಘಟ್ಟಪ್ರದೇಶದಲ್ಲಿ, ಶರಾವತಿ, ಅಘನಾಶಿನಿ, ವರದಾ, ಕುಮುದ್ವತಿಯಂಥ ಹೊಳೆಗಳ ದಂಡೆಯಲ್ಲಿ, ಯಾರೂ ನೆಡದೆ ಎದ್ದ ಎತ್ತರದ ಮಾವಿನ ಮರಗಳ ಎಳೆಗಾಯಿ. ಸಾಗರ, ಸಿರ್ಸಿ, ಸಿದ್ದಾಪುರ, ಹೊಸನಗರದ ಓದುಗರಿಗೆ ಈ ಪರಿಚಯ ಬೇಡ. ಉಳಿದವರಿಗಾಗಿ ಹೇಳುತ್ತೇನೆ: ಇದು ಹಣ್ಣು ತಿನ್ನುವ ಮಾವಲ್ಲ. ಹಣ್ಣಾದರೆ ಬಹುಪಾಲು ಹುಳಿ, ತಿರುಳು ಕಡಿಮೆ. ಇದರ ಜೀವ ಇರುವುದು ಮಿಡಿಯಲ್ಲಿ, ಅದರಲ್ಲೂ ತೊಟ್ಟಿನ ಸೊನೆಯಲ್ಲಿ. ತೊಟ್ಟು ಮುರಿದರೆ ಚಿಮ್ಮುವ ಆ ಸೊನೆಗೆ ಒಂದು ಮರದಲ್ಲಿ ಜೀರಿಗೆಯ ಪರಿಮಳ, ಇನ್ನೊಂದರಲ್ಲಿ ಕರ್ಪೂರದ್ದು, ಮತ್ತೊಂದರಲ್ಲಿ ಹೆಸರಿಡಲಾಗದ ಏನೋ ಒಂದು. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ದು, ನೆಲಕ್ಕೆ ಬೀಳದಂತೆ ಇಳಿಸಿ, ಕಲ್ಲುಪ್ಪಿನಲ್ಲಿ ಹಾಕಿ ಚಿರುಟಿಸಿ, ಆಮೇಲೆ ಸಾಸಿವೆ ಮೆಣಸಿನ ಖಾರ ಬೆರೆಸಿ ಭರಣಿಯಲ್ಲಿ ಕಟ್ಟಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮೂರು ವರ್ಷದ ಮಿಡಿ ಕಚ್ಚಿದಾಗಲೂ ಕಟುಂ ಅನ್ನಬೇಕು. ಅನ್ನದಿದ್ದರೆ ಅದು ಅಪ್ಪೆಯಲ್ಲ, ಅಥವಾ ಹಾಕಿದವರಿಗೆ ಬಂದಿಲ್ಲ.

ಇಂಗ್ಲೆಂಡಿನ ಪಶ್ಚಿಮ ಜಿಲ್ಲೆಗಳಲ್ಲಿ ಇದರ ದೂರದ ಸಂಬಂಧಿಯೊಂದಿದೆ, ಸೈಡರ್ ಸೇಬು. ಒಗರು, ಹುಳಿ, ಕಚ್ಚಿದರೆ ಮುಖ ಕಿವುಚುವಂಥದ್ದು. ಆದರೆ ಹಿಂಡಿ ಹುದುಗಿಸಿದರೆ ಮದ್ಯಕ್ಕೆ ಅದೇ ಬೇಕು. ಹೆಸರುಗಳೂ ನಮ್ಮ ಅಪ್ಪೆಗಳ ಹಾಗೆಯೇ ಊರಿನದ್ದು, ಮನೆಯದ್ದು, ತಮಾಷೆಯದ್ದು. ಕಿಂಗ್‌ಸ್ಟನ್ ಬ್ಲ್ಯಾಕ್ ಎಂಬುದೊಂದು, ನರಿಮರಿ ಎಂಬರ್ಥದ ಫಾಕ್ಸ್‌ವೆಲ್ಪ್ ಎಂಬುದೊಂದು. ಸೇಬಿನ ಬೀಜವೂ ಮಾವಿನ ಗೊರಟಿನಂತೆಯೇ ತಾಯಿಗೆ ನಿಷ್ಠೆ ತೋರುವುದಿಲ್ಲ. ಫಾಕ್ಸ್‌ವೆಲ್ಪ್ 1664ರ ಜಾನ್ ಎವ್ಲಿನ್‌ನ ಪುಸ್ತಕದಲ್ಲೇ ಇದೆ, ಇವತ್ತೂ ತೋಟಗಳಲ್ಲಿದೆ. ನಡುವಿನ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳನ್ನು ಅದು ದಾಟಿದ್ದು ಕೈಯಿಂದ ಕೈಗೆ ಹೋದ ಕಡ್ಡಿಗಳ ಮೇಲೆ. ತಿನ್ನಲಾಗದ ಹಣ್ಣನ್ನು ಕಾಪಾಡುವುದು ತಿನ್ನುವ ಹಣ್ಣನ್ನು ಕಾಪಾಡುವುದಕ್ಕಿಂತ ಕಷ್ಟ. ಅದರ ಬೆಲೆ ಗೊತ್ತಾಗಬೇಕಾದರೆ ಅದನ್ನು ಬಳಸುವ ವಿದ್ಯೆಯೂ ಜೊತೆಗೆ ಉಳಿದಿರಬೇಕು.

ಅಪ್ಪೆಯ ಹೆಸರುಗಳಿಗೆ ಬರೋಣ, ನನಗೆ ಖುಷಿ ಕೊಡುವ ಭಾಗ ಅದು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಹಳದೋಟದ ಅಪ್ಪೆ, ಕಂಚಪ್ಪೆ, ಗೆಣಸಿನಕುಣಿ ಜೀರಿಗೆ, ದೊಂಬೆಸರ ಜೀರಿಗೆ, ಕರ್ಪೂರ ಅಪ್ಪೆ. ಇವನ್ನು ತಳಿಯ ಹೆಸರು ಎನ್ನುವುದಕ್ಕಿಂತ ವಿಳಾಸ ಎನ್ನುವುದು ಹೆಚ್ಚು ಸರಿ. ಯಾರ ಮರ, ಯಾವ ಊರ ಮರ, ಮೂಗಿಗೆ ಏನು ತಾಕುತ್ತದೆ, ಈ ಮೂರರಲ್ಲಿ ಒಂದನ್ನೋ ಎರಡನ್ನೋ ಹೆಸರು ಹೇಳುತ್ತದೆ. ‘ಅನಂತಭಟ್ಟನ’ ಎಂಬ ಷಷ್ಠಿ ವಿಭಕ್ತಿ ಮೊದಲಿಗೆ ನಿಜವಾದ ಒಡೆತನವನ್ನೇ ಹೇಳುತ್ತಿದ್ದಿರಬೇಕು: ಈ ಮರ ಅವರದ್ದು, ಕೇಳಿ ಕೊಯ್ಯಿ. ಕಡ್ಡಿ ಹತ್ತೂರಿಗೆ ಹೋದ ಮೇಲೆ ಅದೇ ವಿಭಕ್ತಿ ಒಡೆತನ ಬಿಟ್ಟು ಗುಣವನ್ನು ಹೇಳತೊಡಗಿತು. ಇವತ್ತು ಆ ಹೆಸರಿನ ಗಿಡ ಯಾರ ಹಿತ್ತಲಲ್ಲಿ ಬೇಕಾದರೂ ಇರಬಹುದು.

‘ಅಪ್ಪೆ’ ಎಂಬ ಪದವೇ ನನ್ನ ಮನೆಯಲ್ಲಿ ಒಂದು ತಮಾಷೆಗೆ ಕಾರಣವಾಗಿದೆ. ನಾನಿರುವುದು ಮುಂಬೈಯ ಜೋಗೇಶ್ವರಿಯಲ್ಲಿ, ಪಕ್ಕದ ಮನೆಯವರು ಮಂಗಳೂರು ಕಡೆಯ ತುಳುವರು. ಊರಿಂದ ಬಂದ ಭರಣಿಯಿಂದ ಅವರಿಗಷ್ಟು ಕೊಡಲು ಹೋದಾಗ ಆಂಟಿ ಹೆಸರು ಕೇಳಿ ನಕ್ಕಿದ್ದರು: “ಎಂತ ಮಾರಾಯ್ತಿ, ನಿಮ್ಮೂರಲ್ಲಿ ಅಪ್ಪೆಯನ್ನೇ ಉಪ್ಪಿನಕಾಯಿ ಹಾಕ್ತೀರಾ?” ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ. ಎರಡಕ್ಕೂ ಸಂಬಂಧವಿದೆ ಎಂದು ನಾನು ಹೇಳುವುದಿಲ್ಲ. ಭಾಷಾವಿಜ್ಞಾನ ಓದಿದವರಿಗೆ ಧ್ವನಿಸಾಮ್ಯದ ಭಯ ಮೊದಲ ಸೆಮಿಸ್ಟರಿನಲ್ಲೇ ಅಂಟಿಕೊಳ್ಳುತ್ತದೆ. ಆದರೆ ಕಸಿಯವರು ಕಡ್ಡಿ ಕೊಯ್ಯುವ ಮರವನ್ನು ಕರೆಯುವುದೂ ‘ತಾಯಿಮರ’ ಎಂದೇ.

ಕಸಿ ಎಂಬ ಪದವೂ ಹೀಗೆಯೇ ಕಾಡುತ್ತದೆ. ನಮ್ಮಲ್ಲಿ ಕಸಿದುಕೊಳ್ಳುವುದೂ ಇದೆ, ಕಸಿ ಕಟ್ಟುವುದೂ ಇದೆ. ಇವೆರಡರ ಮೂಲ ಒಂದೇ ಇರಲಿ ಬೇರೆ ಇರಲಿ, ಕಿತ್ತುಕೊಳ್ಳುವುದಕ್ಕೂ ಜೋಡಿಸುವುದಕ್ಕೂ ಕನ್ನಡ ಒಂದೇ ಉಚ್ಚಾರ ಇಟ್ಟುಕೊಂಡಿದೆ, ಮುಂದೆ ಮೂತ್ರಪಿಂಡದ ಕಸಿಗೂ ಅದನ್ನೇ ಒದಗಿಸಿದೆ. ನನ್ನ ಸುತ್ತಲಿನ ಮರಾಠಿಯಲ್ಲಿ ಕಸಿಗೆ ‘ಕಲಮ್’ ಎನ್ನುತ್ತಾರೆ. ಕಸಿಯ ಮಾವು ಕಲಮಿ, ಗೊರಟಿನಿಂದ ಎದ್ದದ್ದು ರಾಯವಳ. ಕಲಮ್ ಎಂದರೆ ಲೇಖನಿಯೂ ಹೌದು. ಅರಬ್ಬಿಯಿಂದ ಬಂದ ಈ ಪದದ ಹಿಂದೆ ಗ್ರೀಕರ ಜೊಂಡುಹುಲ್ಲಿನ ಹೆಸರಿದೆ. ಇಂಗ್ಲಿಷಿನ ‘ಗ್ರಾಫ್ಟ್’ ಪದವನ್ನು ಹಿಂದಕ್ಕೆ ಎಳೆದುಕೊಂಡು ಹೋದರೂ ಸಿಗುವುದು ಬರೆಯುವ ಕಡ್ಡಿಯೇ. ಹಳೆಯ ಫ್ರೆಂಚ್, ಲ್ಯಾಟಿನ್ ದಾಟಿ ಗ್ರೀಕಿನ ‘ಬರೆ’ ಎಂಬ ಧಾತುವಿಗೆ ಹೋಗಿ ನಿಲ್ಲುತ್ತದೆ. ಚೂಪಾಗಿ ಕೆತ್ತಿದ ಕುಡಿ ಲೇಖನಿಯಂತೆ ಕಂಡಿತು ಅಷ್ಟೇ. ತೋಟಗಾರಿಕೆಯ ಒಂದು ಕರಪತ್ರವನ್ನು ಕನ್ನಡಕ್ಕೆ ತರುವಾಗ ‘ಪೆನ್ಸಿಲ್ ದಪ್ಪದ ಕಸಿಕಡ್ಡಿ ಆರಿಸಿಕೊಳ್ಳಿ’ ಎಂದು ಬರೆದ ಮೇಲೆ ಇದು ಹೊಳೆದು, ಆ ದಿನದ ಕೆಲಸ ಅಲ್ಲಿಗೇ ನಿಂತಿತು.

ಕಸಿ ಪೋರ್ಚುಗೀಸರು ತಂದ ವಿದ್ಯೆ ಎಂಬ ಮಾತು ಮುಂಬೈ, ಗೋವಾಗಳಲ್ಲಿ ಬಹಳ ಓಡುತ್ತದೆ. ಅದು ಅರ್ಧ ನಿಜ. ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದದ ಅಧ್ಯಾಯದಲ್ಲಿ ಹಲಸು, ನೇರಳೆ, ದಾಳಿಂಬೆ, ದ್ರಾಕ್ಷಿಯಂಥವನ್ನು ರೆಂಬೆಯಿಂದ ಬೆಳೆಸುವ ಕ್ರಮವಿದೆ. ರೆಂಬೆಗೆ ಸಗಣಿ ಮೆತ್ತಿ, ಇನ್ನೊಂದು ಮರದ ಕಡಿದ ಬೇರಿನ ಮೇಲೋ ಕಾಂಡದ ಮೇಲೋ ನೆಡುವ ಮಾತೂ ಅಲ್ಲೇ ಇದೆ. ಅದು ಆರನೇ ಶತಮಾನ. ನಮ್ಮ ಜೋಗೇಶ್ವರಿಯ ಗುಹಾಲಯವನ್ನು ಬಂಡೆಯಲ್ಲಿ ಕೊರೆದದ್ದೂ ಅದೇ ಶತಮಾನದಲ್ಲಿ. ಸುತ್ತ ಮನೆಗಳ ಮೇಲೆ ಮನೆ ಎದ್ದು ಮುತ್ತಿಕೊಂಡಿರುವ ಆ ಗುಹೆಯ ಮುಂದೆ ಹಾದುಹೋಗುವಾಗಲೆಲ್ಲ ಈ ಸಮಕಾಲೀನತೆ ನೆನಪಾಗುತ್ತದೆ, ಬೇರೆ ಪುರಾವೆಯೇನೂ ಅದರಿಂದ ಹುಟ್ಟುವುದಿಲ್ಲ. ಕನ್ನಡದಲ್ಲೇ ಬೇಕೆಂದರೆ ಚಾಲುಕ್ಯರ ಕಾಲದ ಎರಡನೇ ಚಾವುಂಡರಾಯನ ‘ಲೋಕೋಪಕಾರ’ವಿದೆ, ಸುಮಾರು 1025ರದ್ದು. ನೆಲದಡಿಯ ನೀರು ಹುಡುಕುವುದು, ಅಡುಗೆ, ಸುಗಂಧ ಇವುಗಳ ಜೊತೆಗೆ ಗಿಡಮರಗಳ ಆರೈಕೆಗೂ ಅದರಲ್ಲಿ ಒಂದು ಅಧ್ಯಾಯ ಮೀಸಲು. ಒಂದು ಜೀವದ ಮೇಲೆ ಇನ್ನೊಂದನ್ನು ಕೂರಿಸಬಹುದು ಎಂಬ ತಿಳಿವು ಇಲ್ಲಿ ಹಳೆಯದು.

ಪೋರ್ಚುಗೀಸರ ಕಾಲದ ಗೋವಾದಲ್ಲಿ ಹೊಸದಾಗಿ ಆದದ್ದು ಬೇರೆ. ಅಲ್ಲಿನ ಪಾದ್ರಿಗಳು ಮತ್ತು ಜಮೀನುದಾರರು ಒಂದೊಂದು ಒಳ್ಳೆಯ ಮರವನ್ನು ಆರಿಸಿ, ಹೆಸರಿಟ್ಟು, ಕಸಿಯಿಂದ ಅದನ್ನೇ ನೂರು ಮಾಡಿದರು. ಹದಿನೇಳನೇ ಶತಮಾನದ ಉತ್ತರಾರ್ಧದಲ್ಲಿ ಭಾರತದಲ್ಲಿ ಬದುಕಿದ ವೆನಿಸಿನ ನಿಕೊಲಾವ್ ಮನೂಚಿ ಗೋವಾದ ಉತ್ತಮ ಮಾವುಗಳ ಒಂದು ಪಟ್ಟಿ ಕೊಡುತ್ತಾನೆ. ಅದರಲ್ಲಿ ವ್ಯಕ್ತಿಗಳ ಹೆಸರಿನವು ಹಲವು, ಅವುಗಳಲ್ಲಿ ಒಂದು ‘ನಿಕುಲಾವ್ ಅಫೊನ್ಸೊ’. ಆಪೂಸಿಗೆ ಗೋವಾ ಗೆದ್ದ ಅಫೊನ್ಸೊ ದ ಅಲ್ಬುಕರ್ಕನ ಹೆಸರೇ ಬಂದದ್ದು ಎಂದು ಎಲ್ಲರೂ ಹೇಳುತ್ತಾರೆ. ಅವನು ಸತ್ತದ್ದು 1515ರಲ್ಲಿ. ಹೆಸರು ಸೇನಾಧಿಪತಿಯದ್ದಲ್ಲ, ಯಾರೋ ತೋಟದ ಮಾಲೀಕನದ್ದು ಎಂಬ ಊಹೆ ನನಗೆ ಹೆಚ್ಚು ಹಿಡಿಸುತ್ತದೆ. ಅನಂತಭಟ್ಟನ ಅಪ್ಪೆಯ ಹಾಗೆ. ಆ ಅಫೊನ್ಸೊ ರತ್ನಾಗಿರಿಯಲ್ಲಿ ಹಾಪೂಸ್ ಆಗಿ, ಧಾರವಾಡದಲ್ಲಿ ಆಪೂಸ್ ಆಗಿ, ಬೆಂಗಳೂರಿಗೆ ಬರುವಷ್ಟರಲ್ಲಿ ಬಾದಾಮಿಯಾಗಿಬಿಟ್ಟ.

ಮುಂಬೈಗೂ ತನ್ನದೇ ತಾಯಿಮರವಿತ್ತು. ಈಗ ಹಡಗುಕಟ್ಟೆ, ಗೋದಾಮುಗಳ ನಡುವೆ ಸಿಕ್ಕಿಕೊಂಡಿರುವ ಮಜಗಾಂವ್ ಒಂದು ಕಾಲಕ್ಕೆ ಮಾವಿಗೆ ಹೆಸರಾದ ದ್ವೀಪ. 1812ರಲ್ಲಿ ಪ್ರಕಟವಾದ ತನ್ನ ಪ್ರವಾಸದ ದಿನಚರಿಯಲ್ಲಿ ಮರಿಯಾ ಗ್ರಹಾಂ ಅಲ್ಲಿಯ ಒಂದು ಮರದ ಬಗ್ಗೆ ಬರೆದಿದ್ದಾಳೆ: ಆ ಜಾತಿಯ ಮರಗಳೆಲ್ಲ ಕಸಿಯಾದದ್ದು ಅದೊಂದರಿಂದಲೇ, ಹಣ್ಣಿನ ಕಾಲದಲ್ಲಿ ಅದಕ್ಕೆ ಸಿಪಾಯಿಗಳ ಕಾವಲು. ಷಹಜಹಾನನ ಕಾಲದಲ್ಲಿ ದಿಲ್ಲಿಯವರೆಗೆ ಹಣ್ಣು ಮುಟ್ಟಿಸಲು ದಾರಿಯುದ್ದಕ್ಕೂ ಓಟಗಾರರನ್ನು ಇಟ್ಟಿದ್ದರೆಂಬ ಕಥೆಯನ್ನೂ ಅವಳು ಸೇರಿಸುತ್ತಾಳೆ. ಐದು ವರ್ಷದ ಮೇಲೆ ಐರ್ಲೆಂಡಿನ ಕವಿ ಥಾಮಸ್ ಮೂರ್‌ನ ‘ಲಾಲಾ ರೂಖ್’ನಲ್ಲೂ ಮಜಗಾಂವ್ ಮಾವು ಬಂತು. ಅಷ್ಟು ಖ್ಯಾತಿಯ ಮರ, ಬಂದೂಕು ಹಿಡಿದ ಕಾವಲು. ಇವತ್ತು ಮಜಗಾಂವ್‌ನಲ್ಲಿ ಇಳಿದು ಮಾವಿನ ತೋಪು ಎಲ್ಲಿ ಎಂದು ಕೇಳಿದರೆ ಜನ ನಿಮ್ಮ ಮುಖ ನೋಡುತ್ತಾರೆ.

ಮುಂಬೈ ಪ್ರಾಂತ್ಯದಿಂದ ಹೊರಟ ಕಸಿಗಳಲ್ಲಿ ಒಂದು ಎಲ್ಲಿಗೆ ಹೋಯಿತೆಂದು ಹೇಳದೆ ಮುಂದೆ ಹೋಗಲಾರೆ. 1889ರಲ್ಲಿ ಪುಣೆಯಿಂದ ಅಮೆರಿಕದ ಕೃಷಿ ಇಲಾಖೆಗೆ ಕೆಲವು ಕಸಿಗಿಡ ಹೋದವು. ಫ್ಲೋರಿಡಾದಲ್ಲಿ ಚಳಿಗೆ ಬಹುಪಾಲು ಸತ್ತು, ಮಲಗೋವಾದ ಒಂದು ಗಿಡ ಬದುಕಿತು. ಅದರ ಹಣ್ಣಿನ ಗೊರಟುಗಳನ್ನು 1902ರಲ್ಲಿ ಕ್ಯಾಪ್ಟನ್ ಹೇಡನ್ ಎಂಬ ನಿವೃತ್ತ ಸೈನಿಕ ನೆಟ್ಟ. ಅದರಿಂದ ಎದ್ದ ಒಂದು ಮರ ಕೆಂಪು ಕೆನ್ನೆಯ ಹೊಸ ಹಣ್ಣು ಕೊಟ್ಟಿತು. ಅದು ಮಲಗೋವಾ ಆಗಿರಲಿಲ್ಲ. ‘ಹೇಡನ್’ ಎಂಬ ಹೆಸರಿನಲ್ಲಿ ಅದೇ ಮುಂದೆ ಅರ್ಧ ಜಗತ್ತಿನ ಮಾವಿನ ವ್ಯಾಪಾರಕ್ಕೆ ಅಜ್ಜಿಯಾಯಿತು. ಕಸಿ ಹಳೆಯದನ್ನು ಉಳಿಸಿತು, ಗೊರಟು ಹೊಸದನ್ನು ಕೊಟ್ಟಿತು. ಈ ಎರಡೂ ಕೆಲಸ ಬೇರೆ ಬೇರೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಅಪ್ಪೆಯ ವಿಷಯದಲ್ಲಿ ಬೇಕಾಗುತ್ತದೆ.

ಗೋವಾದಲ್ಲಿ ಮುನ್ನೂರು ವರ್ಷದ ಹಿಂದೆಯೇ ಕಸಿ ಇಷ್ಟು ಜೋರಾಗಿದ್ದರೆ, ನಾಲ್ಕು ಹೊಳೆ ದಾಟಿದರೆ ಸಿಗುವ ಮಲೆನಾಡಿನ ಅಪ್ಪೆಗೆ ಅದು ಮುಟ್ಟಲು ಇಷ್ಟು ತಡವಾದದ್ದೇಕೆ? ಒಂದು ಕಾರಣ ಬಹಳ ಸರಳ. ಹಳೆಯ ಕಾಲದ ಮಾವಿನ ಕಸಿ ಹೆಚ್ಚಾಗಿ ಸಾಮೀಪ್ಯ ಕಸಿ. ಕುಂಡದಲ್ಲಿ ಬೆಳೆಸಿದ ಸಸಿಯನ್ನು ತಾಯಿಮರದ ಬಳಿಗೇ ಒಯ್ಯಬೇಕು, ರೆಂಬೆಯ ಎತ್ತರಕ್ಕೆ ಅಟ್ಟ ಕಟ್ಟಿ ಇಡಬೇಕು, ಎರಡರ ತೊಗಟೆಯನ್ನೂ ಸವರಿ ಒಂದಕ್ಕೊಂದು ಬಿಗಿದು ಕಟ್ಟಬೇಕು, ಬೆಸೆಯುವವರೆಗೆ ತಿಂಗಳುಗಟ್ಟಲೆ ದಿನವೂ ನೀರು ಹಾಕಬೇಕು. ತೋಟದೊಳಗಿನ ಗಿಡ್ಡ ಮರಕ್ಕೆ ಇದು ಸರಿ. ಹೊಳೆಯಂಚಿನಲ್ಲಿ, ಕಾಡಿನ ನಡುವೆ, ಮೊದಲ ಕೊಂಬೆಯೇ ಆಳೆತ್ತರದ ಹಲವು ಪಟ್ಟು ಮೇಲಿರುವ ಮರಕ್ಕೆ ಯಾರು ಅಟ್ಟ ಕಟ್ಟುತ್ತಾರೆ? ಇನ್ನೊಂದು ಕಾರಣ, ಅಗತ್ಯವೇ ಇರಲಿಲ್ಲ. ಮರ ಅಲ್ಲೇ ಇದೆ. ಅಜ್ಜನ ಕಾಲದಿಂದ ಇದೆ. ಮಿಡಿ ಬಿಟ್ಟ ವರ್ಷ ನಾಲ್ಕು ಮನೆಯವರು ಹೋಗಿ ಕೊಯ್ದು ತಂದರಾಯಿತು.

ಬದಲಾದದ್ದು ಕಸಿಯ ಕ್ರಮ. ಕುಡಿಯನ್ನು ಮರದಿಂದ ಬೇರ್ಪಡಿಸಿ, ಒಯ್ದು, ಬೇರೆ ಕಡೆ ಕೂರಿಸುವ ವಿಧಾನಗಳು ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಹಳ್ಳಿಯ ನರ್ಸರಿಗಳಿಗೆ ಬಂದವು. ಇದರಲ್ಲಿ ಕೊಂಕಣದ ಪಾತ್ರ ದೊಡ್ಡದು; ಆಗಷ್ಟೇ ಮೊಳೆತ, ಇನ್ನೂ ಕೆಂಪು ಎಲೆಯ ಸಸಿಯ ಮೇಲೆ ಕಟ್ಟುವ ವಾಟೆ ಕಸಿಯನ್ನು ಮನೆಮನೆಯ ಕಸುಬಾಗಿಸಿದ್ದು ಆ ಕರಾವಳಿ. ಕೆಲಸ ಹೀಗೆ. ಕಡ್ಡಿ ಕೊಯ್ಯುವ ವಾರ ಹತ್ತು ದಿನ ಮುಂಚೆ ಆರಿಸಿದ ರೆಂಬೆಯ ತುದಿಯ ಎಲೆಗಳನ್ನು ತೊಟ್ಟು ಮಾತ್ರ ಬಿಟ್ಟು ಕತ್ತರಿಸುತ್ತಾರೆ. ಆ ತೊಟ್ಟುಗಳು ತಾವೇ ಉದುರುವಷ್ಟರಲ್ಲಿ ತುದಿಮೊಗ್ಗು ಉಬ್ಬಿರುತ್ತದೆ. ಆಗ ಗೇಣುದ್ದಕ್ಕಿಂತ ಚಿಕ್ಕ ಕಡ್ಡಿ ಕೊಯ್ದು, ಬುಡವನ್ನು ಎರಡೂ ಕಡೆಯಿಂದ ಬೆಣೆಯಂತೆ ಸವರಿ, ಸಸಿಯ ತಲೆ ಕತ್ತರಿಸಿ ನಡುವೆ ಸೀಳಿ, ಅದರೊಳಗೆ ಇಳಿಸುತ್ತಾರೆ. ತೊಗಟೆಯಡಿಯ ಹಸಿರು ಪದರ ಕನಿಷ್ಠ ಒಂದು ಕಡೆಯಾದರೂ ಇದರದ್ದು ಅದಕ್ಕೆ ತಾಗಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೇಲೆ ಐಸ್‌ಕ್ಯಾಂಡಿಯ ಉದ್ದನೆಯ ಕೊಟ್ಟೆಯೊಂದನ್ನು ಟೊಪ್ಪಿಯಂತೆ ಹಾಕುತ್ತಾರೆ, ಒಳಗೆ ತೇವ ನಿಲ್ಲಲೆಂದು. ಎರಡು ಮೂರು ವಾರದಲ್ಲಿ ಕೊಟ್ಟೆಯೊಳಗೆ ಚಿಗುರು ಕಂಡರೆ ಹಿಡಿಯಿತು ಎಂದರ್ಥ.

ಈ ವಿಧಾನದ ಮಹತ್ವ ಇರುವುದು ಕಡ್ಡಿ ಪ್ರಯಾಣ ಮಾಡಬಲ್ಲದು ಎನ್ನುವುದರಲ್ಲಿ. ಒದ್ದೆ ಬಟ್ಟೆಯಲ್ಲೋ ಬಾಳೆಪಟ್ಟೆಯಲ್ಲೋ ಸುತ್ತಿದರೆ ಕೆಲವು ದಿನ ಜೀವ ಹಿಡಿದಿರುತ್ತದೆ. ಮರ ಹತ್ತಿದವನ ಸೊಂಟದ ಚೀಲದಲ್ಲಿ ಇಳಿದು, ಬೈಕಿನಲ್ಲಿ ಪೇಟೆಗೆ ಬಂದು, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮುಂದಿನ ತಾಲ್ಲೂಕಿಗೆ ಹೋಗುತ್ತದೆ. ಸಸಿಯನ್ನು ಮರದ ಬಳಿಗೆ ಒಯ್ಯುವ ಬದಲು ಮರವೇ ಸಸಿಯ ಬಳಿಗೆ ಬಂತು. ಅಪ್ಪೆಯ ಹಂಚಿಕೆ ಸಾಧ್ಯವಾದದ್ದು ಆಗಲೇ.

ಅಷ್ಟರಲ್ಲಿ ಅಗತ್ಯವೂ ಬಂದಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಕಣಿವೆ ತುಂಬಿದಾಗ ಊರುಗಳ ಜೊತೆ ದಂಡೆಯೂ ಮುಳುಗಿತು. ಮುಳುಗಡೆಯ ಲೆಕ್ಕದಲ್ಲಿ ಮನೆ, ಗದ್ದೆ, ತೋಟಕ್ಕೆ ಕಾಲಂ ಇರುತ್ತದೆ. ಯಾರೂ ನೆಡದ, ಯಾರ ಖಾತೆಯಲ್ಲೂ ಇಲ್ಲದ ಮಾವಿನ ಮರಕ್ಕೆ ಇರುವುದಿಲ್ಲ. ಆಮೇಲೆ ಬಂದದ್ದು ಮಾರುಕಟ್ಟೆ. ನೂರಕ್ಕೆ ಇಷ್ಟು, ಸಾವಿರಕ್ಕೆ ಇಷ್ಟು ಎಂದು ಎಣಿಸಿ ಮಾರುವ ಮಿಡಿಗೆ ಬಾಟಲಿ ಉಪ್ಪಿನಕಾಯಿಯ ಉದ್ಯಮದಿಂದ ಬೇಡಿಕೆ ಏರಿತು. ಬೆಂಗಳೂರು, ಪುಣೆ, ಮುಂಬೈಗೆ ವಲಸೆ ಬಂದ ನಮ್ಮಂಥವರ ನಾಲಿಗೆಯೂ ಆ ಬೇಡಿಕೆಯ ಒಂದು ಭಾಗವೇ. ಗುತ್ತಿಗೆಗೆ ಮಿಡಿ ಇಳಿಸುವವರಿಗೆ ತುದಿಕೊಂಬೆಯವರೆಗೆ ಹೋಗಿ ಒಂದೊಂದಾಗಿ ಕೊಯ್ಯುವ ಪುರುಸೊತ್ತಿಲ್ಲ. ಕೊಂಬೆಯನ್ನೇ ಕಡಿದು ಕೆಳಗೆ ಕೂತು ಬಿಡಿಸಿಕೊಂಡರೆ ಬೇಗ ಆಗುತ್ತದೆ. ಮುಂದಿನ ವರ್ಷ ಆ ಮರ ಬೇರೆಯವರ ಪಾಲಾದರೆ ಇವರಿಗೇನು? ಇನ್ನೂ ಒಂದು ಸಂಗತಿ: ಎಲ್ಲ ಎಳೆಗಾಯಿಯನ್ನೂ ಇಳಿಸಿಬಿಟ್ಟರೆ ಹಣ್ಣಾಗುವುದಕ್ಕೆ, ನೆಲಕ್ಕೆ ಬೀಳುವುದಕ್ಕೆ ಏನೂ ಉಳಿಯುವುದಿಲ್ಲ. ಮರದ ಬುಡದಲ್ಲಿ ಹೊಸ ಸಸಿ ಕಾಣುವುದು ಕಡಿಮೆಯಾಗುತ್ತದೆ.

ಮೊದಲು ಎಚ್ಚೆತ್ತವರು ತೋಟದವರೇ. ಅಡಿಕೆ ಬೆಳೆಗಾರರು ತಮಗೆ ಗೊತ್ತಿದ್ದ ಒಳ್ಳೆಯ ಮರದ ಕಡ್ಡಿ ತಂದು ತಮ್ಮ ಸೊಪ್ಪಿನ ಬೆಟ್ಟದಲ್ಲಿ, ಕಣದ ಅಂಚಿನಲ್ಲಿ, ತೋಟದ ಬೇಲಿಯಲ್ಲಿ ಕಸಿಗಿಡ ನೆಟ್ಟುಕೊಂಡರು. ನೆಂಟರಿಗೆ ಕೊಟ್ಟರು. ಕೊಟ್ಟವರಿಂದ ಇನ್ನೊಂದು ಬಗೆಯ ಕಡ್ಡಿ ಪಡೆದರು. ಈ ಕೊಡುಕೊಳ್ಳುವಿಕೆ ಮದುವೆ ಉಪನಯನಗಳ ದಾರಿಯಲ್ಲೇ ಸಾಗಿದ್ದರಿಂದ ಯಾವ ಅಪ್ಪೆ ಯಾವ ಊರಿಗೆ ಹೋಯಿತೆಂದು ತಿಳಿಯಲು ಬಂಧುತ್ವದ ನಕ್ಷೆ ಬರೆದರೂ ಸಾಕು. ಆಮೇಲೆ ಸಂಸ್ಥೆಗಳು ಬಂದವು. ಸಿರ್ಸಿಯ ಅರಣ್ಯ ಮಹಾವಿದ್ಯಾಲಯ, ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇವು ಅಪ್ಪೆಗಳನ್ನು ಹುಡುಕಿ, ಗುಣ ದಾಖಲಿಸಿ, ಕಸಿ ಮಾಡಿ ಬೆಳೆಸಿದವು. 2009ರ ನಂತರ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಬೆಂಬಲದಲ್ಲಿ ಭಾರತ, ಇಂಡೋನೇಷ್ಯಾ, ಮಲೇಷ್ಯಾ, ಥಾಯ್ಲೆಂಡ್‌ಗಳಲ್ಲಿ ನಡೆದ ಉಷ್ಣವಲಯದ ಹಣ್ಣುಗಳ ಯೋಜನೆಯಲ್ಲಿ ಸಿರ್ಸಿಯೂ ಒಂದು ಕ್ಷೇತ್ರವಾಗಿತ್ತು. ಹಲವು ಬಗೆಗಳನ್ನು ತಮ್ಮ ನೆಲದಲ್ಲಿ ಕಾಪಾಡುವವರನ್ನು ಆ ಯೋಜನೆ ‘ಪಾಲಕ ರೈತರು’ ಎಂದು ಗುರುತಿಸಿತು. ಅದೇ ಸುಮಾರಿಗೆ ಅಪ್ಪೆಮಿಡಿಗೆ ಭೌಗೋಳಿಕ ಸೂಚಕವೂ ಸಿಕ್ಕಿತು. ಅಂಕೋಲಾದ ಕರಿ ಈಶಾಡಿಗೆ ಅದು ಬಂದದ್ದು ಬಹಳ ತಡವಾಗಿ, 2023ರಲ್ಲಿ.

ಇದೆಲ್ಲ ಒಳ್ಳೆಯದು. ಆದರೂ ಭೌಗೋಳಿಕ ಸೂಚಕದಿಂದ ಒಂದು ಮರವೂ ಉಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಹೆಸರನ್ನು ಕಾಪಾಡುತ್ತದೆ, ಅದೂ ‘ಅಪ್ಪೆಮಿಡಿ’ ಎಂಬ ಒಟ್ಟು ಹೆಸರನ್ನು. ಅದರೊಳಗಿನ ಮಾಳಂಜಿ, ಹಳದೋಟಗಳು ಎಲ್ಲರೂ ತುಂಬಿದ ಬಸ್ಸಿನಲ್ಲಿ ನಿಂತು ಬರುವವರಂತೆ. ಹಲಸಿನಲ್ಲಿ ನಡೆದದ್ದು ಬೇರೆ. ತುಮಕೂರು ಜಿಲ್ಲೆಯ ಚೇಳೂರಿನ ಒಂದು ಮನೆಯ ಕೆಂಪು ತೊಳೆಯ ಹಲಸಿನ ಮರವನ್ನು ಹೆಸರಘಟ್ಟದವರು ಗುರುತಿಸಿ, ‘ಸಿದ್ದು’ ಎಂದು ಹೆಸರಿಟ್ಟು, ಕಸಿಗಿಡಗಳ ಮಾರಾಟದ ಆದಾಯದಲ್ಲಿ ದೊಡ್ಡ ಪಾಲು ಮರದ ಮನೆಯವರಿಗೇ ಹೋಗುವಂತೆ 2017ರಲ್ಲಿ ಒಪ್ಪಂದ ಮಾಡಿಕೊಂಡರು. ಒಂದು ಮರ, ಒಂದು ಮನೆ, ಲೆಕ್ಕ ಸಲೀಸು. ಅಪ್ಪೆಯ ತಾಯಿಮರ ಹೊಳೆಯಂಚಿನ ಕಾಡಿನಲ್ಲಿದ್ದರೆ ಪಾಲು ಯಾರಿಗೆ? ಅರಣ್ಯ ಇಲಾಖೆಗೋ, ಮೂರು ತಲೆಮಾರಿನಿಂದ ಅದನ್ನು ಹತ್ತಿ ಮಿಡಿ ಇಳಿಸಿದವರಿಗೋ, ಅದರ ಪರಿಮಳ ಬೇರೆಯದೆಂದು ಮೊದಲು ಗುರುತಿಸಿ ಭರಣಿಯನ್ನೇ ಬೇರೆ ಇಟ್ಟ ಹೆಂಗಸರಿಗೋ? 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರ ತಳಿಗಳನ್ನು ನೋಂದಾಯಿಸಲು ದಾರಿ ಕೊಡುತ್ತದೆ. ಮರ ಹತ್ತುವವರ ಹೆಸರು ಆ ಅರ್ಜಿಯಲ್ಲಿ ಎಲ್ಲಿ ಬರೆಯಬೇಕು ಎಂದು ಅದು ಹೇಳುವುದಿಲ್ಲ.

ಹೆಸರುಗಳ ಗೊಂದಲವೂ ಬೆಳೆಯುತ್ತಿದೆ. ಇದು ನಮ್ಮ ಕಸುಬಿನವರಿಗೆ ಪರಿಚಿತ ಕಾಯಿಲೆ: ಒಂದೇ ಪದಕ್ಕೆ ಎರಡು ಅರ್ಥ, ಒಂದೇ ಅರ್ಥಕ್ಕೆ ಎರಡು ಪದ. ‘ಜೀರಿಗೆ’ ಎಂದು ಕರೆಸಿಕೊಳ್ಳುವ ಮರ ಹತ್ತೂರಿನಲ್ಲಿದೆ, ಹತ್ತೂ ಬೇರೆ ಬೇರೆ ಮರ. ಒಂದೇ ತಾಯಿಯ ಕಡ್ಡಿ ಎರಡು ಊರಿಗೆ ಹೋಗಿ ಎರಡು ಹೆಸರು ಪಡೆದದ್ದೂ ಇರಬಹುದು. 1782ರಲ್ಲಿ ಇಂಗ್ಲಿಷ್ ನೌಕಾಪಡೆ ಕೆರಿಬಿಯನ್ ಕಡಲಿನಲ್ಲಿ ಹಿಡಿದ ಒಂದು ಫ್ರೆಂಚ್ ಹಡಗಿನಲ್ಲಿ ಮಾರಿಷಸ್‌ನಿಂದ ಹೊರಟ ಮಾವಿನ ಗಿಡಗಳಿದ್ದವು, ಒಂದೊಂದಕ್ಕೂ ಸಂಖ್ಯೆ ಕಟ್ಟಿತ್ತು. ಹೆಸರಿನ ಪಟ್ಟಿ ಅವರ ಕೈಗೆ ಸಿಗಲಿಲ್ಲ. ಜಮೈಕಾದಲ್ಲಿ ಇವತ್ತಿಗೂ ‘ನಂಬರ್ ಹನ್ನೊಂದು’ ಎಂಬ ಮಾವಿದೆ. ಎಷ್ಟೋ ನರ್ಸರಿಗಳಲ್ಲಿ ಕಸಿಗಿಡದ ಕೊರಳಿಗೆ ಕಟ್ಟಿದ ಚೀಟಿಯಲ್ಲಿ ‘ಅಪ್ಪೆ’ ಎಂದಷ್ಟೇ ಬರೆದಿರುತ್ತದೆ. ಆ ಹಡಗಿನ ಗಿಡಗಳಿಗಿಂತ ಅದರ ಸ್ಥಿತಿ ಮೇಲೇನಲ್ಲ.

ಇನ್ನು ಕಸಿಯ ಮೂಲಕ ಉಳಿಸುವುದಕ್ಕೇ ಇರುವ ಮಿತಿ. ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ 1797ರಲ್ಲಿ ಸೇಬಿನ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ವಿಚಿತ್ರ ವಾದ ಹೂಡಿದ. ಹೆರ್ಫರ್ಡ್‌ಶೈರಿನ ಹಳೆಯ ಸೈಡರ್ ತಳಿಗಳು ರೋಗ ಹಿಡಿದು ಸೊರಗುತ್ತಿದ್ದವು. ಕಸಿಗೆ ಸ್ವಂತ ವಯಸ್ಸಿಲ್ಲ, ಅದು ತಾಯಿಮರದ ವಯಸ್ಸನ್ನೇ ಹೊತ್ತಿರುತ್ತದೆ, ತಾಯಿಯ ಆಯುಸ್ಸು ಮುಗಿದಾಗ ಲೋಕದ ಅದರ ಕಸಿಗಳೆಲ್ಲ ಮುಪ್ಪಾಗಿ ಸಾಯುತ್ತವೆ ಎಂದ. ಅವನ ವಾದ ತಪ್ಪು. ಸತ್ತುಹೋಗಬೇಕಿದ್ದ ಫಾಕ್ಸ್‌ವೆಲ್ಪ್ ಇನ್ನೂ ಫಲ ಬಿಡುತ್ತಿದೆ. ಸೊರಗಿಗೆ ಕಾರಣ ಕಡ್ಡಿಯ ಜೊತೆ ಸಾಗುವ ರೋಗಗಳು. ಆದರೆ ತಪ್ಪು ವಾದದಿಂದ ಅವನು ಮಾಡಿದ ಕೆಲಸ ಸರಿಯಾಗಿತ್ತು: ಬೀಜ ಬಿತ್ತಿ ಹೊಸ ಸೇಬುಗಳನ್ನು ಹುಡುಕತೊಡಗಿದ.

ಕಸಿ ಎಂದರೆ ಒಂದು ಮರವನ್ನು ಅದರ ಆ ಕ್ಷಣದಲ್ಲಿ ನಿಲ್ಲಿಸಿಡುವುದು. ಮಾಳಂಜಿಯ ನೂರು ಕಸಿಗಿಡ ನೂರು ಮರವಲ್ಲ, ನೂರು ಕಡೆ ನಿಂತ ಒಂದೇ ಮರ. ಒಂದಕ್ಕೆ ತಡೆಯದ ರೋಗ ನೂರಕ್ಕೂ ತಡೆಯುವುದಿಲ್ಲ. ಮಲಿಹಾಬಾದಿನ ಕಲೀಮುಲ್ಲಾ ಖಾನ್ ಒಂದೇ ಮಾವಿನ ಮರದ ಮೇಲೆ ಮುನ್ನೂರಕ್ಕೂ ಹೆಚ್ಚು ತಳಿ ಕಸಿ ಮಾಡಿ 2008ರಲ್ಲಿ ಪದ್ಮಶ್ರೀ ಪಡೆದರು. ಆ ಕೈಚಳಕಕ್ಕೆ ನಮಸ್ಕಾರ, ಆದರೆ ಅದನ್ನು ಸಂರಕ್ಷಣೆ ಎಂದರೆ ನನಗೆ ದಿಗಿಲಾಗುತ್ತದೆ. ಒಂದು ಸಿಡಿಲು ಸಾಕು. ಹೊಳೆಯ ದಂಡೆ ಮಾಡುತ್ತಿದ್ದ ಕೆಲಸ ಇದಕ್ಕೆ ತದ್ವಿರುದ್ಧ. ಅಲ್ಲಿ ಪ್ರತಿ ಮಳೆಗಾಲವೂ ಯಾವುದೋ ಗೊರಟು ನೀರಿನಲ್ಲಿ ತೇಲಿ, ಎಲ್ಲೋ ಮರಳಿಗೆ ತಾಗಿ, ಹಿಂದೆಂದೂ ಇರದ ಒಂದು ಅಪ್ಪೆಯಾಗಿ ಏಳುತ್ತಿತ್ತು. ಸಾವಿರದಲ್ಲಿ ಒಂಬೈನೂರಕ್ಕೆ ಯಾರೂ ಹೆಸರಿಡಲಿಲ್ಲ, ಇಡಬೇಕಾಗಿಯೂ ಇರಲಿಲ್ಲ. ಹೆಸರು ಪಡೆದ ಪ್ರತಿಯೊಂದೂ ಆ ಹೆಸರಿಲ್ಲದವುಗಳ ನಡುವಿನಿಂದಲೇ ಬಂದದ್ದು. ಈಗ ಎಲ್ಲ ಕಡ್ಡಿಗಳನ್ನೂ ಹಿತ್ತಲಿಗೆ ತಂದುಕೊಂಡು, ಇನ್ನು ಕಾಡಿನ ಮರ ಹೋದರೂ ಚಿಂತೆಯಿಲ್ಲ ಎಂದು ಯಾರಾದರೂ ಅಂದರೆ, ಅವರು ನಿಘಂಟು ಅಚ್ಚಾಯಿತು, ಇನ್ನು ಜನ ಮಾತಾಡದಿದ್ದರೂ ನಡೆಯುತ್ತದೆ ಎಂದಂತೆ.

ಹಿತ್ತಲಿಗೆ ಬಂದ ಮರ ಹಾಗೆಯೇ ಇರುತ್ತದೆಯೇ ಎಂಬ ಪ್ರಶ್ನೆ ಬೇರೆ. ಹೊಳೆಯಂಚಿನ ತಾಯಿಮರದ ಸೊನೆಯ ಘಾಟು ಬಯಲಿನ ಕಸಿಗಿಡದಲ್ಲಿ ಅಷ್ಟು ಇಲ್ಲ ಎಂದು ಹೇಳುವವರನ್ನು ನಾನು ಬಲ್ಲೆ. ಮಣ್ಣು, ತೇವ, ನೆರಳು ಪರಿಮಳವನ್ನು ಬದಲಿಸಬಲ್ಲವು ಎಂಬುದು ಚಹಾ, ಕಾಫಿ ಬೆಳೆಯುವವರಿಗೂ ಗೊತ್ತು. ಎರಡನ್ನೂ ಪಕ್ಕಪಕ್ಕ ಭರಣಿ ಹಾಕಿ ಮೂರು ವರ್ಷ ಕಾದು ಕಚ್ಚಿ ನೋಡಬೇಕಷ್ಟೇ. ಅಂಥ ಪರೀಕ್ಷೆಗೆ ಪ್ರಯೋಗಾಲಯಕ್ಕಿಂತ ಕೆಲವು ಅಡುಗೆಮನೆಗಳು ಹೆಚ್ಚು ಸಜ್ಜಾಗಿವೆ.

ಮುಂಬೈಯಲ್ಲಿ ಕೂತು ಮಾಡಬಹುದಾದದ್ದು ಕಡಿಮೆ. ನನ್ನ ಮೂರನೇ ಮಹಡಿಯ ಗ್ರಿಲ್ಲಿನಲ್ಲಿ ಅಪ್ಪೆ ಬೆಳೆಯುವುದಿಲ್ಲ. ಆದರೆ ಊರಿಗೆ ಹೋದವರು ಜೂನ್–ಆಗಸ್ಟ್ ನಡುವೆ ಕಸಿಗಿಡ ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಬಹುದು: ಕಡ್ಡಿ ಯಾವ ಮರದ್ದು, ಆ ಮರ ಯಾವ ಊರಲ್ಲಿ ಯಾವ ಹೊಳೆಯ ದಂಡೆಯಲ್ಲಿದೆ, ಈಗಲೂ ಇದೆಯೇ, ಕೊಯ್ದು ತಂದವರು ಯಾರು. ಉತ್ತರ ಸಿಕ್ಕಷ್ಟನ್ನು ಚೀಟಿಯ ಹಿಂದೆ ಬರೆದುಕೊಳ್ಳಿ, ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಮಸಿ ಒಂದೇ ಮಳೆಗಾಲಕ್ಕೆ ಕರಗುತ್ತದೆ.